ಗದ್ದೆಗಿಳಿದ ಪರಿವೀಕ್ಷಣಾಧಿಕಾರಿ ಶ್ರೀಮತಿ ನೀಲಾವತಿಯವರು

ಅಪರಾಧ ಮತ್ತು ನ್ಯಾಯದ ಮಾತು ಬಂದಾಗ ನಮ್ಮ ಜನರ ಕಣ್ಣ ಮುಂದೆ ಠಾಣೆ, ಕೋರ್ಟು, ಜೈಲು ಎಂಬ ಕಟ್ಟಡಗಳು ಬಂದು ನಿಲ್ಲುತ್ತವೆ. ಇವುಗಳ ನಡುವೆ, ಯಾವ ಕಟ್ಟಡಕ್ಕೂ ಪೂರ್ತಿ ಸೇರದೆ, ಕೈಯಲ್ಲೊಂದು ಬಟ್ಟೆಚೀಲ ಹಿಡಿದು ಸಿರುಗುಪ್ಪದ ಬಸ್ಸಿಗೆ ಕಾಯುತ್ತ ನಿಂತ ಅಧಿಕಾರಿಯೊಬ್ಬರು ಇರುತ್ತಾರೆಂಬುದು ಬಹುಮಂದಿಗೆ ಗೊತ್ತೇ ಇರುವುದಿಲ್ಲ. ತಪ್ಪಿತಸ್ಥನೆಂದು ತೀರ್ಪಾದವನನ್ನು ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಊರಲ್ಲೇ ಬಾಳಲು ಬಿಡಬಹುದೆ ಎಂದು ನ್ಯಾಯಾಲಯ ಕೇಳಿದಾಗ ಹೋಗಿ ವಿಚಾರಿಸಿ ವರದಿ ಕೊಡುವವರು, ಬಿಟ್ಟ ಮೇಲೆ ಅವನ ನಡೆ ನುಡಿಗಳ ಮೇಲೆ ಕಣ್ಣಿಟ್ಟು ಅವನ ಬೆನ್ನಿಗೂ ನಿಲ್ಲುವವರು ಪರಿವೀಕ್ಷಣಾಧಿಕಾರಿಗಳು. ಆ ಹುದ್ದೆಗೆ ಬಳ್ಳಾರಿ ಸೀಮೆಯಲ್ಲಿ ಒಂದು ಮುಖವನ್ನೂ ಒಂದು ಮರ್ಯಾದೆಯನ್ನೂ ತಂದುಕೊಟ್ಟವರು ಶ್ರೀಮತಿ ನೀಲಾವತಿಯವರು. ಅವರು ನಿವೃತ್ತರಾದ ಈ ಹೊತ್ತಿನಲ್ಲಿ ಅವರನ್ನು ನೆನೆಯುವುದು ನಮಗೆ, ಅವರೊಂದಿಗೆ ದುಡಿದವರಿಗೆ, ಕರ್ತವ್ಯವೂ ಹೌದು, ಸಂತೋಷವೂ ಹೌದು.

ನೀಲಾವತಿಯವರು ಹುಟ್ಟಿ ಬೆಳೆದದ್ದು ಬಳ್ಳಾರಿ ಪೇಟೆಯ ಕೌಲ್ ಬಜಾರಿನಲ್ಲಿ. ತಂದೆ ತಗಡಿನ ಟ್ರಂಕು ಮಾಡುವ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದರು. ಸುತ್ತಿಗೆಯ ಸದ್ದಿನ ನಡುವೆಯೇ ಓದಿದ ಈ ಹುಡುಗಿಗೆ ಮನೆಯಲ್ಲಿ ಕನ್ನಡ, ಎದುರುಮನೆಯಲ್ಲಿ ಉರ್ದು, ಓಣಿಯ ನಲ್ಲಿಯ ಹತ್ತಿರ ತೆಲುಗು ತಾನಾಗಿಯೇ ದಕ್ಕಿದವು. ಗಲಾಟೆಯೆಂದರೇನೆಂದು ಅವರಿಗೆ ಯಾರೂ ಪುಸ್ತಕ ತೆರೆದು ಹೇಳಿಕೊಡಬೇಕಾಗಿರಲಿಲ್ಲ. ಓಣಿಯಲ್ಲಿ ಇಬ್ಬರು ಅಂಗಡಿಯವರು ಜಗಳವಾಡಿದರೆ ಹಿರಿಯರು ಬಂದು ಒಬ್ಬನ ಅಂಗಡಿಯನ್ನು ಆಚೆ ಬೀದಿಗೆ ಹಾಕಿಸುತ್ತಿದ್ದರು, ಅಲ್ಲಿಗೆ ಜಗಳ ಮುಗಿಯುತ್ತಿತ್ತು. ಈ ಪಾಠ ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಮುಂದೆ ಇದೇ ಪಾಠ ಅವರಿಗೆ ಕೈಕೊಟ್ಟ ಸಂಗತಿಯನ್ನು ಹೇಳಲೆಂದೇ ಈ ಲೇಖನವನ್ನು ಬರೆಯಲಾಗಿದೆ.

ಇಲಾಖೆಗೆ ಸೇರಿದ ಹೊಸತರಲ್ಲಿ ಅವರು ಒಂದು ಪದ್ಧತಿ ಮಾಡಿಕೊಂಡರು. ಮನೆ ಭೇಟಿಗೆ ಎಂದೂ ಜೀಪಿನಲ್ಲಿ ಹೋಗುತ್ತಿರಲಿಲ್ಲ. ಜೀಪು ಮನೆಯ ಮುಂದೆ ನಿಂತರೆ ಮರುದಿನದಿಂದ ಆ ಮನೆಯವರನ್ನು ಯಾರೂ ಕೂಲಿಗೆ ಕರೆಯುವುದಿಲ್ಲ ಎಂಬುದು ಅವರ ಅನುಭವವಾಗಿತ್ತು. ಆದ್ದರಿಂದ ಬಸ್ಸಿನಲ್ಲಿ ಹೋಗಿ, ಊರ ಹೊರಗಿಂದಲೇ ನಡೆದು, ಬಂಧುಗಳ ಮನೆಗೆ ಬಂದವರ ಹಾಗೆ ಒಳಗೆ ಹೋಗುತ್ತಿದ್ದರು. ಈ ಪದ್ಧತಿಗೆ ಇದ್ದ ಒಂದೇ ಅಡ್ಡಿಯೆಂದರೆ ನಾಯಿಗಳು. ಕೊಲೆ ಯತ್ನದ ಆರೋಪಿಯ ಎದುರು ಕೂತು ಕಣ್ಣು ಮಿಟುಕಿಸದೆ ಮಾತಾಡುವ ನೀಲಾವತಿಯವರು ಓಣಿಯ ಮೂಲೆಯಲ್ಲಿ ಒಂದು ಕುನ್ನಿ ತಲೆಯೆತ್ತಿದರೆ ಸಾಕು, ಕೊಡೆ ಅಡ್ಡ ಹಿಡಿದು ನಿಂತುಬಿಡುತ್ತಿದ್ದರು. ಹೀಗಾಗಿ ಅವರ ಮೇಲ್ವಿಚಾರಣೆಯಲ್ಲಿದ್ದವರೇ ಬಸ್ ನಿಲ್ದಾಣಕ್ಕೆ ಬಂದು, ಕೋಲು ಹಿಡಿದು, ಅಧಿಕಾರಿಯನ್ನು ಕಾಪಾಡಿ ಮನೆಗೆ ಕರೆದೊಯ್ಯುವ ವಿಚಿತ್ರ ವ್ಯವಸ್ಥೆ ಹುಟ್ಟಿಕೊಂಡಿತು. ನಾವು ಎಷ್ಟು ಛೇಡಿಸಿದರೂ ಅವರು ಬದಲಾಗಲಿಲ್ಲ.

ಕೌಲ್ ಬಜಾರಿನ ಆಟೋ ಚಾಲಕ ಮಾರೇಶನ ವಿಷಯವನ್ನು ನಮ್ಮ ಕಚೇರಿಯಲ್ಲಿ ಈಗಲೂ ಹೇಳಿಕೊಳ್ಳುತ್ತೇವೆ. ಬಿಡಿಭಾಗ ಕದ್ದ ಪ್ರಕರಣದಲ್ಲಿ ಮುಚ್ಚಳಿಕೆಯ ಮೇಲೆ ಬಿಡುಗಡೆಯಾಗಿದ್ದ ಅವನು ವಾರಕ್ಕೊಮ್ಮೆ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ಕಚೇರಿಗೆ ಬಂದರೆ ಸ್ಟ್ಯಾಂಡಿನವರಿಗೆ ಗೊತ್ತಾಗುತ್ತದೆ, ಸರದಿ ತಪ್ಪಿಸುತ್ತಾರೆ ಎಂದು ಅವನು ಕಣ್ಣೀರು ಹಾಕಿದ. ಅಂದಿನಿಂದ ನೀಲಾವತಿಯವರೇ ಸ್ಟ್ಯಾಂಡಿಗೆ ಹೋಗಿ ಎಲ್ಲ ಪ್ರಯಾಣಿಕರಂತೆ ಅವನ ಆಟೋ ಹತ್ತುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತು, ಮನೆಯಲ್ಲಿ ಹೇಗಿದ್ದೀಯ, ಯಾರ ಜೊತೆ ತಿರುಗುತ್ತಿದ್ದೀಯ ಎಂದು ಕೇಳಿ, ಗದರಿಸಬೇಕಾದ್ದನ್ನು ಗದರಿಸಿ ಇಳಿಯುತ್ತಿದ್ದರು. ಮುಚ್ಚಳಿಕೆಯ ಅವಧಿ ಮುಗಿಯುವ ತನಕ ಆ ಸ್ಟ್ಯಾಂಡಿನಲ್ಲಿ ಒಬ್ಬರಿಗೂ ವಿಷಯ ತಿಳಿಯಲಿಲ್ಲ.

ಅವರು ಕೈ ಹಾಕಿದ್ದೆಲ್ಲ ಹಣ್ಣಾಯಿತು ಎಂದು ಬರೆದರೆ ಮೊದಲು ಸಿಟ್ಟಾಗುವವರು ಅವರೇ. ಬಾದನಹಟ್ಟಿಯ ಭೀಮರಾಜ ಬೈಕು ಕದ್ದು ಸಿಕ್ಕಿಬಿದ್ದಾಗ ಇವನು ತಿದ್ದಿಕೊಳ್ಳುತ್ತಾನೆಂದು ಅವರು ವರದಿ ಕೊಟ್ಟಿದ್ದರು. ಅವನು ತಿದ್ದಿಕೊಳ್ಳಲಿಲ್ಲ. ಮತ್ತೆ ಕದ್ದು ಬಳ್ಳಾರಿ ಜೈಲು ಸೇರಿದ. ನೀಲಾವತಿಯವರು ಅಲ್ಲಿಗೂ ಹೋದರು. ಅವನು ಮುಖ ತಿರುಗಿಸಿಕೊಂಡು ಕೂತ. ಮುಂದಿನ ತಿಂಗಳೂ ಹೋದರು, ಆಗಲೂ ಮುಖ ತಿರುಗಿಸಿಕೊಂಡ. ಇಂದಿಗೂ ಅವನ ಕಥೆ ಸುಖಾಂತವಾಗಿಲ್ಲ, ಇವರು ಹೋಗುವುದನ್ನೂ ಬಿಟ್ಟಿಲ್ಲ.

ಇನ್ನು ದೇಶನೂರಿನ ಪ್ರಕರಣ. ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ಹನುಮೇಶ ಮತ್ತು ಯರ್ರಿಸ್ವಾಮಿಯ ಗದ್ದೆಗಳು ಒಂದಕ್ಕೊಂದು ತಾಗಿಕೊಂಡಿವೆ. ಹನುಮೇಶನದು ಮೇಲಿನದು, ಯರ್ರಿಸ್ವಾಮಿಯದು ಕೆಳಗಿನದು. ಕಾಲುವೆ ನೀರಿನ ಸರದಿಯ ವಿಷಯದಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಆಗಿನ್ನೂ ಮೀಸೆ ಸರಿಯಾಗಿ ಬಲಿಯದ ಯರ್ರಿಸ್ವಾಮಿ ಸಲಿಕೆಯ ಮರದ ಕಾವಿನಿಂದ ಹೊಡೆದ. ಹನುಮೇಶನ ಎಡಗೈ ಮುರಿಯಿತು, ಕೂಡಿಕೊಂಡ ಮೇಲೂ ಆ ಕೈ ಭುಜದಿಂದ ಮೇಲಕ್ಕೆ ಏಳಲಿಲ್ಲ. ಎರಡೂ ಕಡೆಯವರು ಕೈಗೆ ಸಿಕ್ಕಿದ್ದನ್ನು ಹಿಡಿದು ನಿಂತಿದ್ದರು, ಠಾಣೆಯವರು ಆ ದಿನ ಹೊತ್ತಿಗೆ ಸರಿಯಾಗಿ ಬರದಿದ್ದರೆ ಹೆಣ ಬೀಳುತ್ತಿತ್ತು ಎಂದು ನೀಲಾವತಿಯವರು ಯಾವಾಗಲೂ ಮೆಚ್ಚಿ ಹೇಳುತ್ತಾರೆ. ಪ್ರಕರಣ ನಡೆಯಿತು. ಯರ್ರಿಸ್ವಾಮಿ ತಪ್ಪಿತಸ್ಥನೆಂದು ತೀರ್ಪಾಯಿತು. ಶಿಕ್ಷೆ ಹೇಳುವ ಮುನ್ನ ನ್ಯಾಯಾಧೀಶರು ಪರಿವೀಕ್ಷಣಾಧಿಕಾರಿಯ ವರದಿ ಕೇಳಿದರು.

ನೀಲಾವತಿಯವರು ದೇಶನೂರಿಗೆ ಹೋದಾಗ ಮೊದಲು ಹೋದದ್ದು ಏಟು ತಿಂದವನ ಮನೆಗೆ. ಅದೂ ಅವರ ಪದ್ಧತಿಯೇ. ಹನುಮೇಶ ಎದ್ದು ಒಳಗೆ ಹೋದ. ಅವನ ಹೆಂಡತಿ ಮಂಜಮ್ಮ ಮಾತ್ರ ಬಾಗಿಲಲ್ಲಿ ನಿಂತು, “ಕೋರ್ಟಿಗೆ ಏನಾರ ಬರಕೊಳ್ರಿ ಮೇಡಂ. ಇವ್ರ ಅಂಗಿ ಗುಂಡಿ ದಿನಾ ನಾನು ಹಾಕಬೇಕಾಗೈತಿ” ಎಂದಳು. ಆಮೇಲೆ ಯರ್ರಿಸ್ವಾಮಿಯ ಮನೆಯಲ್ಲಿ ಅವನ ವಿಧವೆ ತಾಯಿ ಜಂಬಮ್ಮ ನೀರು ಕೊಟ್ಟು ಎದುರಿಗೆ ಕೂತಳು. ಮಗ ತಲೆ ಎತ್ತಲಿಲ್ಲ. “ತಪ್ಪು ಆತ್ರಿ” ಎಂದಷ್ಟೇ ಹೇಳಿದ. ನೀಲಾವತಿಯವರು ಬಹಳ ಯೋಚಿಸಿ, ಇವನನ್ನು ಮುಚ್ಚಳಿಕೆಯ ಮೇಲೆ ಬಿಡಬಹುದು ಎಂದು ಬರೆದರು. ಹಳೆಯ ಪಾಠವನ್ನು ನೆನೆದು ಒಂದು ಮಾತನ್ನೂ ಸೇರಿಸಿದರು: ಅವಧಿ ಮುಗಿಯುವ ತನಕ ಇವನು ಹನುಮೇಶನ ಗದ್ದೆಯಲ್ಲಿ ಕಾಲಿಡಕೂಡದು. ನ್ಯಾಯಾಲಯ ಒಪ್ಪಿತು. ಮೀರಿದರೆ ಮುಚ್ಚಳಿಕೆ ರದ್ದಾಗಿ ಜೈಲು ಎಂದು ಎಚ್ಚರಿಸಿ ಯರ್ರಿಸ್ವಾಮಿಯನ್ನು ಮನೆಗೆ ಕಳಿಸಿತು.

ಕೌಲ್ ಬಜಾರಿನಲ್ಲಿ ಹುಟ್ಟಿದವರು ಮಾತ್ರ ಮಾಡಬಹುದಾದ ತಪ್ಪು ಅದು. ಅಂಗಡಿಗಳನ್ನು ಬೇರೆ ಬೀದಿಗೆ ಹಾಕಬಹುದು, ಗದ್ದೆಗಳನ್ನು ಹಾಕಲಾಗುವುದಿಲ್ಲ. ಭತ್ತದ ಸೀಮೆಯಲ್ಲಿ ನೀರು ಮೇಲಿನ ಗದ್ದೆಯನ್ನು ದಾಟಿಯೇ ಕೆಳಗಿನದಕ್ಕೆ ಬರಬೇಕು, ಬದುವಿನ ಬಾಯಿ ತೆಗೆಯಲು ಕೆಳಗಿನವನು ಮೇಲಿನವನ ಗದ್ದೆಗೆ ಇಳಿಯಲೇಬೇಕು. ಹನುಮೇಶ ತಾನಾಗಿ ಬಾಯಿ ತೆಗೆದುಕೊಡುವ ಮಾತೇ ಇರಲಿಲ್ಲ. ಹೀಗಾಗಿ ಪ್ರತಿ ಸರದಿಗೂ ಜಂಬಮ್ಮನೇ ಸೀರೆ ಮೇಲಕ್ಕೆ ಕಟ್ಟಿ ಇಳಿದು, ಬಾಯಿ ತೆಗೆದು, ಮತ್ತೆ ಮುಚ್ಚಿ ಬರುತ್ತಿದ್ದಳು. ಮಗ ಆಚೆ ಬದುವಿನ ಮೇಲೆ ಕೂತು ತಾಯಿಯನ್ನು ನೋಡುತ್ತಿದ್ದ. ಭೇಟಿಗೆ ಬಂದ ನೀಲಾವತಿಯವರು ಮನೆಯ ಕಟ್ಟೆಯಲ್ಲೇ ಕೂತು ಎಲ್ಲ ನೆಟ್ಟಗಿದೆಯಲ್ಲ ಎಂದು ಕೇಳುತ್ತಿದ್ದರು. ನೆಟ್ಟಗಿದೆ ಎಂದು ಇಬ್ಬರೂ ಹೇಳುತ್ತಿದ್ದರು. ಮೇಡಂ ಬರೆಸಿದ್ದಕ್ಕೆ ಎದುರಾಡಬಾರದೆಂದು ತಾಯಿ ಮಗ ಮಾತಾಡಿಕೊಂಡಿದ್ದರಂತೆ.

ನಾಟಿ ಮುಗಿದ ಮೇಲಿನ ಮಳೆಯಲ್ಲಿ ಒಂದು ಮಧ್ಯಾಹ್ನ ಹನುಮೇಶನ ಗದ್ದೆಯ ಕಾಲುವೆ ಕಡೆಯ ಬದು ಕುಸಿಯಿತು. ಹೊಸದಾಗಿ ನೆಟ್ಟ ಸಸಿಗಳ ಮೇಲೆ ನೀರು ನುಗ್ಗಿತು. ಹನುಮೇಶ ಒಂದು ಕೈಯಲ್ಲಿ ಮಣ್ಣು ಎಳೆದು ಹಾಕಲು ನೋಡಿದ, ಆಗಲಿಲ್ಲ. ಆಚೆ ನಿಂತಿದ್ದ ಯರ್ರಿಸ್ವಾಮಿ ಮೊದಲು ಊರ ಕಡೆ ಕೂಗಿ ಕರೆದ, ಯಾರೂ ಬರಲಿಲ್ಲ. ಆಮೇಲೆ ಸಲಿಕೆ ಎತ್ತಿಕೊಂಡು ಇಳಿದೇಬಿಟ್ಟ. ಬದು ಮುಚ್ಚುವ ತನಕ ಇಬ್ಬರೂ ಒಂದು ಮಾತೂ ಆಡಲಿಲ್ಲ. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಠಾಣೆಗೆ ತೋರಿಸಿದರು. ಹನುಮೇಶ ನಿಂತಿದ್ದಾನೆ, ಅವನ ಮುಂದೆ ಯರ್ರಿಸ್ವಾಮಿ ಸಲಿಕೆ ಎತ್ತಿದ್ದಾನೆ. ಆ ಚಿತ್ರ ನೋಡಿದ ಯಾವ ಪೊಲೀಸರಾದರೂ ಮಾಡಬೇಕಾದ್ದನ್ನೇ ಆ ಪೊಲೀಸರೂ ಮಾಡಿದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಯರ್ರಿಸ್ವಾಮಿ ಜೈಲಿಗೆ ಹೋಗುವುದು ಬಹುಮಟ್ಟಿಗೆ ಖಚಿತವಾಯಿತು.

ವಿಚಾರಣೆಯ ಹಿಂದಿನ ದಿನ ನೀಲಾವತಿಯವರು ದೇಶನೂರಿನಲ್ಲಿ ಇಳಿದಾಗ ಅವರನ್ನು ಕರೆದೊಯ್ಯಲು ಯಾರೂ ಬಂದಿರಲಿಲ್ಲ. ನಾಯಿಗಳು ಇದ್ದವು. ಕೊಡೆ ಮುಂದೆ ಚಾಚಿಕೊಂಡು, ಬೆವರುತ್ತ, ಒಬ್ಬಳೇ ಆ ಓಣಿ ದಾಟಿದೆನೆಂದು ಅವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಜಂಬಮ್ಮನ ಮನೆಗೆ ಹೋಗಿ, “ಯಾಕ ಇಳಿದ ನಿನ್ನ ಮಗ? ಬ್ಯಾಡ ಅಂತ ಬರೆದಿರಲಿಲ್ಲೇನು?” ಎಂದು ಜೋರು ಮಾಡಿದರು.

ಜಂಬಮ್ಮ ಅಳಲಿಲ್ಲ. “ಬರ್ರಿ ತಾಯಿ, ತೋರಸ್ತೀನಿ” ಎಂದು ಕೈ ಹಿಡಿದು ಗದ್ದೆಗೆ ಕರೆದೊಯ್ದಳು. ನೀಲಾವತಿಯವರು ಚಪ್ಪಲಿ ಬಿಟ್ಟು, ಮೊಣಕಾಲಿನ ತನಕ ಕೆಸರಿಗೆ ಇಳಿದದ್ದು ಅಂದೇ ಮೊದಲು. ಜಂಬಮ್ಮ ನೀರು ಬರುವ ದಾರಿ ತೋರಿಸಿದಳು, ಬದುವಿನ ಬಾಯಿ ತೋರಿಸಿದಳು, ಹೊಸ ಮಣ್ಣು ಹಾಕಿದ ಜಾಗ ತೋರಿಸಿದಳು. “ಪ್ರತಿ ಸರ್ತಿ ನಾನಾ ಇಳೀತಿದ್ನಿ. ಅವತ್ತು ನನಗ ಜ್ವರ ಇತ್ರಿ” ಎಂದಳು.

“ಮೊದಲಾ ಯಾಕ ಹೇಳಲಿಲ್ಲ ಯಮ್ಮಾ?”

“ನೀವು ನನ್ನ ಮಗನ್ನ ಮನಿಗೆ ಕಳಿಸಿದೋರು. ನಿಮಗೆ ಅದು ತಪ್ಪೈತಿ ಅಂತ ಹೆಂಗ ಹೇಳ್ಲಿ?”

ಆ ಮಾತು ಕೇಳಿ ಕೆಸರಿನಲ್ಲಿ ನಿಂತೇ ನೀಲಾವತಿಯವರು ಅತ್ತರಂತೆ. ತಾವು ಹಾಕಿಸಿದ ಒಂದು ಸಾಲು ಈ ವಯಸ್ಸಾದ ಹೆಂಗಸನ್ನು ಇಷ್ಟು ದಿನ ನೀರಿಗೆ ಇಳಿಸಿದೆ, ಈಗ ಅವಳ ಮಗನನ್ನೂ ಜೈಲಿಗೆ ಇಳಿಸಲಿದೆ ಎಂಬುದನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ.

ಮರುದಿನ ನ್ಯಾಯಾಲಯದಲ್ಲಿ ಅವರು ಎದ್ದು ನಿಂತು ಏನನ್ನೂ ಮುಚ್ಚಿಡಲಿಲ್ಲ. ಇವನು ನಿಬಂಧನೆ ಮೀರಿದ್ದು ನಿಜ ಎಂದರು. ಅದನ್ನು ಮೀರದೆ ಆ ಊರಿನಲ್ಲಿ ಒಬ್ಬ ರೈತ ಭತ್ತ ಬೆಳೆಯಲಾರ, ಅಂಥ ನಿಬಂಧನೆಯನ್ನು ಗದ್ದೆಯನ್ನೇ ನೋಡದೆ ಶಿಫಾರಸು ಮಾಡಿದವಳು ನಾನು, ತಪ್ಪು ನನ್ನದು ಎಂದೂ ಹೇಳಿದರು. ಸರ್ಕಾರಿ ವಕೀಲರು ಚಿತ್ರವನ್ನು ಮುಂದಿಟ್ಟರು. ನ್ಯಾಯಾಧೀಶರು ಅದನ್ನು ನೋಡಿ, ಹನುಮೇಶನನ್ನೇ ಕರೆದು ಕೇಳಿದರು. ಕೋರ್ಟಿನ ಹಾಲಿನಲ್ಲಿ ಜಂಬಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಮಗನ ಬಾಳು ಈಗ ಅವನಿಂದ ಕೈ ಮುರಿಸಿಕೊಂಡವನ ನಾಲಿಗೆಯ ಮೇಲಿತ್ತು.

ಹನುಮೇಶ ಹೇಳಿದ: “ಅವತ್ತು ಅವ ಹೊಡಿಯಾಕ ಬಂದಿಲ್ರಿ ಸ್ವಾಮಿ. ಬದು ಮುಚ್ಚಾಕ ಬಂದಿದ್ದ. ನನ್ನ ನಾಟಿ ಉಳಿಸ್ಯಾನ. ಅವನ್ನ ಜೈಲಿಗೆ ಹಾಕಿದ್ರ ನನ್ನ ಕೈ ನೆಟ್ಟಗಾಗ್ತೈತೇನ್ರಿ? ಊರಾಗ ಇದ್ರ, ನಾಳಿ ಮತ್ತ ಬದು ಕುಸಿದ್ರ ಮುಚ್ಚಾಕರ ಒಬ್ಬ ಇರ್ತಾನ. ಆದ್ರ ಅವನ್ನ ಮಾತಾಡ್ಸು ಅಂತ ಮಾತ್ರ ನನಗ ಹೇಳಬ್ಯಾಡ್ರಿ.”

ನ್ಯಾಯಾಧೀಶರು ಸಣ್ಣಗೆ ನಕ್ಕರು. ಮಾತಾಡಿಸುವಂತೆ ಆಜ್ಞೆ ಮಾಡುವ ಅಧಿಕಾರ ನ್ಯಾಯಾಲಯಕ್ಕೆ ಇಲ್ಲ ಎಂದರು. ಆ ನಿಬಂಧನೆಯನ್ನು ತೆಗೆದುಹಾಕಿ ಮುಚ್ಚಳಿಕೆಯನ್ನು ಮುಂದುವರಿಸಿದರು.

ಮುಂದೊಮ್ಮೆ ಬಳ್ಳಾರಿಯಲ್ಲಿ ನಡೆದ ವಿಚಾರ ಸಂಕಿರಣದಲ್ಲಿ, ಪೊಲೀಸು, ಕೋರ್ಟು, ಜೈಲುಗಳಿಂದ ಸಮಾಜ ನಿಜವಾಗಿ ಹದ್ದುಬಸ್ತಿನಲ್ಲಿ ಇರುತ್ತದೆಯೇ ಎಂಬ ಪ್ರಶ್ನೆಗೆ ದೊಡ್ಡ ದೊಡ್ಡವರು ಅಂಕಿ ಅಂಶಗಳ ಸಮೇತ ಉತ್ತರ ಹೇಳಿದ್ದರು. ನೀಲಾವತಿಯವರ ಸರದಿ ಬಂದಾಗ ಅವರು ಈ ಪ್ರಕರಣವನ್ನು ಹೇಳಿ, ಪೊಲೀಸರು ಹೊಡೆದಾಟ ನಿಲ್ಲಿಸಿದರು, ಕೋರ್ಟು ಸಲಿಕೆ ಕೆಳಗಿಡಿಸಿತು, ಅಲ್ಲಿಂದ ಮುಂದೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ ಎಂದು ಕೂತುಬಿಟ್ಟರು. ಸಭೆಯಲ್ಲಿ ಚಪ್ಪಾಳೆ ಬೀಳಲಿಲ್ಲ. ಇಷ್ಟು ಕಡಿಮೆ ಹೇಳಿಕೊಳ್ಳುವುದು ಸಂಕಿರಣಗಳಲ್ಲಿ ರೂಢಿಯಿಲ್ಲ.

ಮುಚ್ಚಳಿಕೆಯ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಕಾನೂನಿನ ಪ್ರಕಾರ ನೀಲಾವತಿಯವರಿಗೆ ದೇಶನೂರಿನಲ್ಲಿ ಏನೂ ಕೆಲಸವಿರಲಿಲ್ಲ, ಆದರೂ ಹೋಗಿಬರುತ್ತಿದ್ದರು. ಮೊದಲು ಹೆಂಗಸರು ಸರಿಹೋದರು. ನಮ್ಮ ಕಡೆ ನಾಟಿಯ ಕಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಯವರ ಗದ್ದೆಗೆ ಹೋಗಿ ದುಡಿದು, ಅವರು ಬಂದು ಇವರಿಗೆ ದುಡಿದುಕೊಡುವ ಮುಯ್ಯಾಳಿನ ಪದ್ಧತಿಯಿದೆ. ಜಗಳವಾದ ವರ್ಷ ಆ ಎರಡು ಮನೆಗಳ ನಡುವೆ ಅದು ನಿಂತುಹೋಗಿತ್ತು. ಒಂದು ವರ್ಷ ಮಂಜಮ್ಮ ತಾನಾಗಿಯೇ ಜಂಬಮ್ಮನ ಗದ್ದೆಗೆ ಬಂದು ಸಸಿಯ ಕಟ್ಟು ಬಿಚ್ಚಿದಳು. ಆ ಸುದ್ದಿ ತಿಳಿದ ದಿನ ನೀಲಾವತಿಯವರು ಕಚೇರಿಗೆಲ್ಲ ಮಿರ್ಚಿ ಮಂಡಕ್ಕಿ ತರಿಸಿದ್ದರು, ಕಾರಣ ಹೇಳದೆ. ಗಂಡಸರ ವಿಷಯ ಬೇರೆ. ಯರ್ರಿಸ್ವಾಮಿ ಪ್ರತಿ ಸರದಿಗೂ ಬಂದು ಹನುಮೇಶನ ಗದ್ದೆಗೆ ನೀರು ಬಿಡುವ ತೂಬಿನ ಹಲಗೆ ಎತ್ತಿಕೊಡುತ್ತಿದ್ದ, ಯಾಕೆಂದರೆ ಅದಕ್ಕೆ ಎರಡು ಕೈ ಬೇಕು. ಹನುಮೇಶ ಪಕ್ಕದಲ್ಲಿ ನಿಂತಿರುತ್ತಿದ್ದ. ಎತ್ತಿದವನು ಎತ್ತಿ ಹೋಗುತ್ತಿದ್ದ, ನಿಂತವನು ನಿಂತೇ ಇರುತ್ತಿದ್ದ. ಮಾತು ಮಾತ್ರ ಇರಲಿಲ್ಲ. ನೀಲಾವತಿಯವರು ಇಬ್ಬರಿಗೂ ಒಮ್ಮೆಯೂ ಮಾತಾಡಿ ಎಂದು ಹೇಳಲಿಲ್ಲ. ಒಂದು ಸಾರಿ ನಿಬಂಧನೆ ಹಾಕಿ ಕಲಿತಿದ್ದೇನೆ, ಸಾಕು ಎನ್ನುತ್ತಿದ್ದರು.

ಬಳ್ಳಾರಿಯಲ್ಲಿ ನಾವು ಏರ್ಪಡಿಸಿದ್ದ ಬೀಳ್ಕೊಡುಗೆಗೆ ದೇಶನೂರಿನವರು ದೊಡ್ಡದೊಂದು ಸೇವಂತಿಗೆ ಹಾರದೊಂದಿಗೆ ಬಂದರು. ಜಂಬಮ್ಮ, ಮಂಜಮ್ಮ ಒಂದೇ ಸೀಟಿನಲ್ಲಿ ಬಂದಿದ್ದರು. ಗಂಡಸರಿಬ್ಬರು ಒಂದೇ ಬಸ್ಸಿನಲ್ಲಿ ಒಬ್ಬ ಮುಂದೆ, ಒಬ್ಬ ಹಿಂದೆ ಕೂತು ಬಂದಿದ್ದರು. ಸಭೆಯಲ್ಲೂ ಹಾಗೆಯೇ ಆ ತುದಿಗೊಬ್ಬ, ಈ ತುದಿಗೊಬ್ಬ ಕೂತರು. ಊರಿನ ಪರವಾಗಿ ಹಾರ ಹಾಕಲು ಕರೆದಾಗ ಹೆಂಗಸರು ಹನುಮೇಶನನ್ನೇ ಮುಂದೆ ತಳ್ಳಿದರು. ಅವನು ಹಾರ ಹಿಡಿದು ವೇದಿಕೆ ಹತ್ತಿದ. ಬಲಗೈ ಮೇಲೆದ್ದಿತು, ಎಡಗೈ ಭುಜದ ಹತ್ತಿರ ನಿಂತಿತು. ಅಷ್ಟು ಭಾರದ ಹಾರ ಒಂದು ಕಡೆ ಜಾರಿ ನೆಲಕ್ಕೆ ತಾಗತೊಡಗಿತು. ನೀಲಾವತಿಯವರು ತಾವೇ ತಲೆ ಬಾಗಿಸಲು ಹೋದರು, ಹನುಮೇಶನ ಮುಖ ನೋಡಿ ಹಾಗೆಯೇ ನಿಂತರು.

ಯರ್ರಿಸ್ವಾಮಿ ಆಚೆ ತುದಿಯಿಂದ ಎದ್ದು ಬಂದ. ಯಾರನ್ನೂ ಕೇಳಲಿಲ್ಲ. ತೂಬಿನ ಹಲಗೆಗೆ ಕೈ ಹಾಕುವ ಹಾಗೆ ಹಾರದ ಆ ಬದಿಗೆ ಕೈ ಹಾಕಿ ಎತ್ತಿದ. ಇಬ್ಬರೂ ಎದುರುಬದುರಾಗಿ ನಿಂತರು, ನಡುವೆ ನೀಲಾವತಿಯವರು. ಮೈಕು ಅಲ್ಲೇ ಇತ್ತು, ಹಾಗಾಗಿ ಹನುಮೇಶನ ಮಾತು ಹಾಲಿಗೆಲ್ಲ ಕೇಳಿಸಿತು.

“ಲೇ, ಇನ್ನಾ ಮ್ಯಾಲೆತ್ತಲೇ ಯರ್ರಿ. ಮೇಡಂ ತಲಿಗೆ ತಾಗ್ತೈತಿ.”

“ಎತ್ತೀನಲ್ಲಣ್ಣ” ಎಂದ ಯರ್ರಿಸ್ವಾಮಿ. ಹಾರ ಕೊರಳಿಗೆ ಬಿದ್ದಾಗ ನೀಲಾವತಿಯವರು ಕೈ ಮುಗಿಯುವುದನ್ನು ಮರೆತು ಇಬ್ಬರ ಮುಂಗೈಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಛಾಯಾಗ್ರಾಹಕ ಬಿಡಿ ಬಿಡಿ ಎಂದರೂ ಬಿಡಲಿಲ್ಲ.

ಮಾನ್ಯ ನೀಲಾವತಿಯವರಿಗೆ ದೀರ್ಘವಾದ ಆಯುಷ್ಯವೂ ಗಟ್ಟಿಯಾದ ಆರೋಗ್ಯವೂ ಇರಲಿ, ಬಾದನಹಟ್ಟಿಯ ಭೀಮರಾಜ ಒಂದು ತಿಂಗಳಾದರೂ ಅವರತ್ತ ಮುಖ ತಿರುಗಿಸಲಿ, ಅವರು ನಡೆಯುವ ಓಣಿಗಳಲ್ಲಿ ನಾಯಿಗಳೆಲ್ಲ ಹಾಯಾಗಿ ನಿದ್ದೆಹೋಗಿರಲಿ ಎಂದು ಅವರ ಸಹೋದ್ಯೋಗಿಗಳಾದ ನಾವು ಮನಸಾರೆ ಹಾರೈಸುತ್ತೇವೆ. ನಿವೃತ್ತಿಯ ನಂತರ ವಿಶ್ರಾಂತಿ ಪಡೆಯುತ್ತಾರೆಂದು ನಾವೇನೂ ನಂಬಿಲ್ಲ. ಈ ವರ್ಷದ ನಾಟಿಗೆ ದೇಶನೂರಿನಿಂದ ಕರೆ ಬಂದಿದೆ. ಹಿಂದೊಮ್ಮೆ ಗದ್ದೆಗೆ ಇಳಿದು ಕೆಲಸ ಮಾಡದೆ ಎದ್ದುಹೋದ ಮೇಡಂ ಒಂದು ದಿನದ ಮುಯ್ಯಾಳು ಇನ್ನೂ ಬಾಕಿ ಉಳಿಸಿಕೊಂಡಿದ್ದಾರೆ ಎಂದು ಜಂಬಮ್ಮ ಹೇಳಿಕಳಿಸಿದ್ದಾಳೆ. ನೀಲಾವತಿಯವರು ಹೊಸ ಕೊಡೆ ಕೊಂಡಿದ್ದಾರೆ.